ಮನೆಯಲ್ಲಿ ಬೆಳೆಯುವ ಪದಸಂಪತ್ತು



ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷಾಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸುತ್ತ ಬಂದಿದೆ, ಕನ್ನಡವೂ ಅವುಗಳಲ್ಲೊಂದು. ಆದರೂ ಮಾಟುಂಗಾದಿಂದ ಡೊಂಬಿವಲಿಯವರೆಗೆ ಇಂದು ಅನೇಕ ಕನ್ನಡ ಮನೆಗಳ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತಿದ್ದಾರೆ. "ನನಗೇ ಇಂಗ್ಲಿಷ್ ಬಾರದು, ಮಗುವಿಗೆ ಹೇಗೆ ನೆರವಾಗಲಿ?" ಎಂದು ತಾಯಂದಿರು ಕೇಳುವುದುಂಟು. ಈ ಸಂಕೋಚದಿಂದಲೇ ಕೆಲವರು ಮನೆಯಲ್ಲಿ ಕನ್ನಡವನ್ನು ಬಿಟ್ಟು ಅರೆಬರೆ ಇಂಗ್ಲಿಷಿನಲ್ಲಿ ಮಾತನಾಡತೊಡಗುತ್ತಾರೆ. ಆಗ ಮಗುವಿಗೆ ಎರಡು ಭಾಷೆಗಳೂ ಕೈತಪ್ಪುವ ಅಪಾಯವಿದೆ.

ಅರ್ಥವು ತಿಳಿದ ಭಾಷೆಯಲ್ಲಿ ಮೊದಲು ಮೂಡುತ್ತದೆ. ಹೊಸ ಭಾಷೆಯ ಪದವು ಅದರ ಮೇಲೆ ನೆಲೆಗೊಳ್ಳುತ್ತದೆ. ಇಡ್ಲಿಪಾತ್ರೆಯ ಮುಂದೆ ನಿಂತು 'ಆವಿ' ಎಂದರೇನೆಂದು ಅರಿತ ಮಗುವಿಗೆ 'ಸ್ಟೀಮ್' ಸುಲಭ; ಅರಿಯದ ಮಗುವಿಗೆ ಅದು ಬರಿಯ ಸ್ಪೆಲಿಂಗ್.

ಆದುದರಿಂದ ಅಡುಗೆಮನೆಯಿಂದಲೇ ಆರಂಭಿಸಬಹುದು. ಹಪ್ಪಳ ಕರಿಯುವುದು ಫ್ರೈ, ಶೇಂಗಾ ಹುರಿಯುವುದು ರೋಸ್ಟ್, ನೀರು ಕುದಿಸುವುದು ಬಾಯಿಲ್. ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಇವರೆಲ್ಲರಿಗೂ ಇಂಗ್ಲಿಷಿನಲ್ಲಿ 'ಆಂಟ್' ಒಂದೇ. "ಹೀಗೇಕೆ?" ಎಂದು ಮಗು ಕೇಳಿದರೆ ಸಂತೋಷಪಡಿರಿ, ಭಾಷೆಯ ನಿಜವಾದ ಕಲಿಕೆ ಅಲ್ಲಿಂದಲೇ ಮೊದಲಾಗುತ್ತದೆ. ಲೋಕಲ್ ರೈಲಿನ ನಿಲ್ದಾಣವೂ ಒಂದು ಪಾಠಶಾಲೆಯೇ. ಅಲ್ಲಿ ಒಂದೇ ಪ್ರಕಟಣೆ ಮರಾಠಿ, ಹಿಂದಿ, ಇಂಗ್ಲಿಷ್‌ಗಳಲ್ಲಿ ಕೇಳಿಬರುತ್ತದೆ. ಫಲಕದ ಮೇಲಿನ 'ಎಫ್' ಮತ್ತು 'ಎಸ್' ಅಕ್ಷರಗಳ ಅರ್ಥವನ್ನು ಮಗುವೇ ನಿಮಗೆ ವಿವರಿಸಲಿ.

ಒಂದು ನೋಟುಪುಸ್ತಕವಿರಲಿ. ದಿನಕ್ಕೆ ಮೂರೇ ಪದಗಳು ಸಾಕು. ಮಗು ಎಡಗಡೆ ಇಂಗ್ಲಿಷ್ ಪದವನ್ನೂ ಬಲಗಡೆ ಕನ್ನಡ ಅರ್ಥವನ್ನೂ ಕೆಳಗೆ ತನ್ನದೇ ಒಂದು ವಾಕ್ಯವನ್ನೂ ಬರೆಯಲಿ. ಮರುದಿನ, ಮೂರನೆಯ ದಿನ, ವಾರದ ಕೊನೆಗೆ ನೀವು ಕನ್ನಡ ಅರ್ಥವನ್ನು ಓದಿ ಇಂಗ್ಲಿಷ್ ಪದವನ್ನು ಕೇಳಿರಿ. ಪುಸ್ತಕವನ್ನು ನೋಡದೆ ನೆನಪಿಸಿಕೊಂಡ ಪದವು ಹತ್ತು ಸಲ ಬರೆದ ಪದಕ್ಕಿಂತ ಚೆನ್ನಾಗಿ ಉಳಿಯುತ್ತದೆ. ಇದಕ್ಕೆ ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ. ಕನ್ನಡ ಬಂದರೆ ಸಾಕು. ಮಗು ತಪ್ಪಿದರೆ ಬಂಧುಗಳ ಎದುರಿಗೆ ನಗಬೇಡಿರಿ. ನಾಚಿದ ನಾಲಿಗೆ ಬೇಗ ಬಿಚ್ಚಿಕೊಳ್ಳುವುದಿಲ್ಲ. ಅನುವಾದವನ್ನೇ ವೃತ್ತಿಯಾಗಿಸಿಕೊಂಡ ನಾನೂ ಇಂದಿಗೂ ದಿನಕ್ಕೆ ಹಲವು ಬಾರಿ ನಿಘಂಟನ್ನು ತೆರೆಯುತ್ತೇನೆ.

ಒಂದು ಕಾಲದಲ್ಲಿ ಈ ನಗರದ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದ ಕನ್ನಡದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಕುಳಿತು ಇಂಗ್ಲಿಷನ್ನೂ ಕಲಿತರು. ಅದಕ್ಕಾಗಿ ಅವರು ಕನ್ನಡವನ್ನು ಬಿಡಲಿಲ್ಲ. ನಮ್ಮ ಮಕ್ಕಳೂ ಬಿಡಬೇಕಾಗಿಲ್ಲ.