ಲೆಕ್ಕಕ್ಕೆ ಬಾರದ ಭಾರ

(ಜನ್ನಾಪುರದ ಶರಣ ಸಂಗಮದಲ್ಲಿ ಮಾಡಿದ ಉಪನ್ಯಾಸ)

 

ನಾನು ಸರ್ಕಾರಿ ಇಂಜಿನಿಯರಾಗಿ ಸೇತುವೆಗಳ ತಪಾಸಣೆ ಮಾಡಿದವನು. ಉಕ್ಕಿನ ತೊಲೆ ತಡೆದುಕೊಳ್ಳಬಲ್ಲಷ್ಟೇ ಭಾರ ಲಕ್ಷಾಂತರ ಸಲ ಹಾದುಹೋದರೂ ಸಾಕು, ಒಳಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ನಾವು ಅದನ್ನು ಲೋಹದ ದಣಿವು ಎನ್ನುತ್ತೇವೆ. ಕಾಲೇಜುಗಳಲ್ಲಿ ಪಾಠ ಹೇಳುವ ದಲಿತ ಹೆಣ್ಣುಮಕ್ಕಳ ಪಾಡೂ ಹೀಗೇ.

ಭದ್ರಾವತಿ ಕಾರ್ಖಾನೆಯ ಊರು, ಸೀನಿಯಾರಿಟಿ ಎಂದರೆ ನಿಮಗೆ ವಿವರಿಸಬೇಕಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1964ಕ್ಕೆ ಮೊದಲು ಕಪ್ಪು ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಮುಂದೆ ಕೆಲಸಗಾರರನ್ನು ಕಡಿಮೆ ಮಾಡುವಾಗ, ಕೊನೆಗೆ ಬಂದವರೆಂದು ಅವರೇ ಹೊರಬಿದ್ದರು. ಬಿಳಿ ಹೆಂಗಸರಿಗೆ ಮೊದಲೇ ಕೆಲಸ ಕೊಟ್ಟಿದ್ದಾರಲ್ಲ, ಹೆಂಗಸರಿಗೆ ಅನ್ಯಾಯವೆಲ್ಲಿ ಎಂದಿತು ನ್ಯಾಯಾಲಯ. ಬಣ್ಣ ಮತ್ತು ಹೆಣ್ಣುತನ ಎರಡನ್ನೂ ಒಟ್ಟಿಗೆ ನೋಡಲು ಒಪ್ಪಲಿಲ್ಲ. ಕಪ್ಪು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಇದನ್ನು ಎತ್ತಿ ತೋರಿಸಿದರು.

ನಮ್ಮಲ್ಲೂ ಅಷ್ಟೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಆರಂಭವಾದ ಮೇಲೆ ಕೂಲಿಕಾರರ ಮಕ್ಕಳಿಗೂ ಉನ್ನತ ಓದು ಹತ್ತಿರವಾಯಿತು. ಕುರ್ಚಿ ಸಿಕ್ಕವಳಿಗೆ 'ಮೀಸಲಾತಿಯವಳು' ಎಂಬ ಪಿಸುಮಾತೂ ಜೊತೆಗೇ ಸಿಗುತ್ತದೆ. ಸಮಿತಿಗೆ ಒಬ್ಬ ಮಹಿಳೆ ಬೇಕು, ಒಬ್ಬ ಪರಿಶಿಷ್ಟರು ಬೇಕು ಎಂದಾಗ ಎರಡಕ್ಕೂ ಅವಳನ್ನೇ ಕರೆಯುತ್ತಾರೆ. ಹಾಸ್ಟೆಲ್ ಹುಡುಗಿಯರು ಅಳುತ್ತಾ ಬರುವುದೂ ಅವಳ ಬಳಿಗೇ. ಆದರೆ ಬಡ್ತಿಯ ಹೊತ್ತಿಗೆ ಕೇಳುವುದು, ಎಷ್ಟು ಪ್ರಬಂಧ ಬರೆದೆ ಎಂದು! ಅವಳ ಅತ್ತ ಗಂಟೆಗಳಿಗೆ, ಅಳಿಸಿದ ಕಣ್ಣೀರಿಗೆ ಯಾವ ಕಾಲಮ್ಮೂ ಇಲ್ಲ.

ಮುಂಬಯಿಯ ಆದಿವಾಸಿ ವೈದ್ಯೆ ಪಾಯಲ್ ತಡ್ವಿ ಸ್ನಾತಕೋತ್ತರ ವ್ಯಾಸಂಗದಲ್ಲಿದ್ದಾಗ, 2019ರ ಮೇ 22ರಂದು ಪ್ರಾಣ ಕಳೆದುಕೊಂಡರು. ಸಹೋದ್ಯೋಗಿಗಳ ಜಾತಿ ನಿಂದನೆಯೇ ಕಾರಣವೆಂದು ಮನೆಯವರು ದೂರಿತ್ತರು. ಅವರ ತಾಯಿ ಅಬೇದಾ, ರೋಹಿತ್ ವೇಮುಲ ಅವರ ತಾಯಿ ರಾಧಿಕಾ ಅದೇ ವರ್ಷ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು.

ದೂರದ ಮಾತು ಬಿಡಿ. ನನಗೆ ಪರಿಚಯದ ಒಬ್ಬ ಅತಿಥಿ ಉಪನ್ಯಾಸಕಿ ನಮ್ಮ ಜನ್ನಾಪುರದಲ್ಲೇ ಮನೆ ಹುಡುಕಿದರು. ಬಾಡಿಗೆ, ಅಡ್ವಾನ್ಸ್ ಎಲ್ಲ ಮಾತಾಗಿತ್ತು. ಕೊನೆಯಲ್ಲಿ ಮನೆಯೊಡತಿ, 'ನೀವು ಯಾವ ಜನ?' ಎಂದರು. ಉತ್ತರ ಕೇಳಿದ ಮೇಲೆ ಊರಿನಿಂದ ತಮ್ಮ ಬರುತ್ತಾನಂತೆ ಎಂದರು. ಮರುದಿನ ಬೆಳಿಗ್ಗೆ ಆಕೆ ಎಂಟು ಗಂಟೆಗೆ ತರಗತಿಗೆ ಹೋಗಿ ಪಾಠ ಹೇಳಿದರು. ಮನೆಯೊಡತಿಯ ಕೊರಳಲ್ಲಿ ಇಷ್ಟಲಿಂಗವಿತ್ತು.

ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆಯನ್ನು ನಾವು ಜಯಂತಿಯ ಭಾಷಣಗಳಲ್ಲಿ ನೆನೆಯುತ್ತೇವೆ. ಅಸ್ಪೃಶ್ಯ ಕುಲದಿಂದ ಬಂದು ವಚನ ಬರೆದ ತಾಯಿ. ಆಕೆ ಇಂದು ನಮ್ಮ ಮೂರನೇ ಕ್ರಾಸಿಗೆ ಬಾಡಿಗೆ ಮನೆ ಕೇಳಿಕೊಂಡು ಬಂದರೆ?

ಇಲ್ಲಿ ಕೂತವರಲ್ಲಿ ಬಾಡಿಗೆ ಮನೆಯುಳ್ಳವರು ಅನೇಕರಿದ್ದೀರಿ. ಜಾತಿ ಕೇಳದೆ ಮನೆ ಕೊಡುವವರು ಪ್ರಸಾದಕ್ಕೆ ಏಳುವ ಮುನ್ನ ನನ್ನ ಬಳಿ ಹೆಸರು, ಫೋನ್ ನಂಬರ್ ಬರೆಸಿ. ಪಟ್ಟಿಯನ್ನು ಕಾಲೇಜುಗಳಿಗೆ ನಾನೇ ಮುಟ್ಟಿಸುತ್ತೇನೆ. ಮೊದಲ ಸಾಲಿನಲ್ಲಿ ನಮ್ಮ ಮಹಡಿ ಮನೆಯನ್ನು ಬರೆದಿಟ್ಟಿದ್ದೇನೆ.