ಬಲ್ಬಿನ ಆಯಸ್ಸು ಬರೆದವರು ಯಾರು?



ನಮ್ಮ ಹಣೆಬರಹ ಬರೆಯೋನು ಬ್ರಹ್ಮ ಅಂತಾರೆ. ಬಲ್ಬಿನ ಹಣೆಬರಹ ಬರೆದವರು ಮಾತ್ರ ಮನುಷ್ಯರೇ. ಎಲ್ಲಿ ಬರೆದರು, ಯಾವಾಗ ಬರೆದರು ಅನ್ನೋದೂ ಗೊತ್ತಿದೆ. ಇವತ್ತು ಆ ವಿಷಯ ಮಾತಾಡೋಣ.

ಹಳೆಯ ಗಾಜಿನ ಬಲ್ಬನ್ನು ನೆನಪು ಮಾಡಿಕೊಳ್ಳಿ. ಅದರೊಳಗೆ ಕೂದಲಿನಂಥ ಒಂದು ತಂತಿ ಇತ್ತು. ಕರೆಂಟು ಬಂದರೆ ಆ ತಂತಿ ಕೆಂಡದ ಹಾಗೆ ಕಾದು ಬೆಳಗುತ್ತಿತ್ತು. ಉರಿದು ಉರಿದು ಸವೆಯುತ್ತಿತ್ತು. ಒಂದು ದಿನ ತುಂಡಾಗುತ್ತಿತ್ತು. ‘ಬಲ್ಬು ಹೋಯ್ತು’ ಅನ್ನುತ್ತಿದ್ದೆವು. ಅಂಗಡಿಯಿಂದ ಇನ್ನೊಂದು ತರುತ್ತಿದ್ದೆವು. ಇಷ್ಟು ಬೇಗ ಯಾಕೆ ಹೋಯ್ತು ಅಂತ ಕೇಳುತ್ತಿರಲಿಲ್ಲ.

1924ನೇ ಇಸವಿ, ಡಿಸೆಂಬರ್ ತಿಂಗಳು. ಸ್ವಿಟ್ಜರ್ಲೆಂಡ್ ದೇಶದ ಜಿನೀವಾ ಪಟ್ಟಣ. ದೊಡ್ಡ ದೊಡ್ಡ ಬಲ್ಬ್ ಕಂಪನಿಗಳವರು ಅಲ್ಲಿ ಸೇರಿದರು. ಜರ್ಮನಿಯ ಓಸ್ರಾಮ್ ಇತ್ತು. ಹಾಲೆಂಡಿನ ಫಿಲಿಪ್ಸ್ ಇತ್ತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ತಾನು ನೇರವಾಗಿ ಬರದೆ, ತನ್ನ ಕೈಕೆಳಗಿನ ಕಂಪನಿಗಳ ಮೂಲಕ ಸೇರಿಕೊಂಡಿತು. ಪೇಟೆಯಲ್ಲಿ ಒಬ್ಬರ ಮೇಲೊಬ್ಬರು ಪೈಪೋಟಿ ಮಾಡಬೇಕಾದವರು ಒಂದೇ ಚಾಪೆಯ ಮೇಲೆ ಕೂತರು. ತಮ್ಮ ಕೂಟಕ್ಕೆ ‘ಫೀಬಸ್’ ಅಂತ ಹೆಸರಿಟ್ಟರು. ಅದು ಗ್ರೀಕ್ ಜನರ ಬೆಳಕಿನ ದೇವರ ಹೆಸರು. ಹೆಸರೇನೋ ಚೆನ್ನಾಗೇ ಇದೆ!

ಯಾವ ದೇಶದಲ್ಲಿ ಯಾರು ಮಾರಬೇಕು, ಎಷ್ಟು ಮಾರಬೇಕು ಎಂದು ಪಾಲು ಹಾಕಿಕೊಂಡರು. ಆಮೇಲೆ ಬಲ್ಬಿನ ಆಯಸ್ಸಿಗೆ ಕೈಹಾಕಿದರು. 1500 ಗಂಟೆ, 2000 ಗಂಟೆ ಉರಿಯುವ ಬಲ್ಬುಗಳು ಆಗಲೇ ಇದ್ದವು. ಇನ್ನು ಮೇಲೆ 1000 ಗಂಟೆ ಸಾಕು ಎಂದು ತೀರ್ಮಾನ ಮಾಡಿದರು.

ನಾವೇ ಲೆಕ್ಕ ಹಾಕೋಣ. ದಿನಕ್ಕೆ 5 ಗಂಟೆ ದೀಪ ಉರಿಸುತ್ತೇವೆ ಅಂತ ಇಟ್ಟುಕೊಳ್ಳಿ. 2000 ಗಂಟೆಯ ಬಲ್ಬು 400 ದಿನ ಬಾಳುತ್ತದೆ. 1000 ಗಂಟೆಯದು 200 ದಿನಕ್ಕೆ ಹೋಗುತ್ತದೆ. ಒಂದು ಬಲ್ಬು ಕೊಳ್ಳುವ ಕಡೆ ಎರಡು ಕೊಳ್ಳಬೇಕು. ದುಡ್ಡು ನಮ್ಮ ಗಂಟಿನಿಂದ, ಲಾಭ ಅವರ ಪೆಟ್ಟಿಗೆಗೆ. ಒಡೆದ ಗಾಜು ತಿಪ್ಪೆಗೆ.

ಬರೀ ಮಾತಿಗೆ ಬಿಡಲಿಲ್ಲ ಅವರು. ಪ್ರತಿ ಕಂಪನಿಯೂ ತನ್ನ ಬಲ್ಬುಗಳನ್ನು ಪರೀಕ್ಷೆಗೆ ಕಳಿಸಬೇಕಿತ್ತು. ಗೊತ್ತು ಮಾಡಿದ ಮಿತಿ ಮೀರಿ ಉರಿದರೆ ಆ ಕಂಪನಿಗೆ ದಂಡ! ಕುಂಬಾರನಿಗೆ ‘ನಿನ್ನ ಮಡಕೆ ಗಟ್ಟಿಯಾಯ್ತು, ದಂಡ ಕಟ್ಟು’ ಅಂದ ಹಾಗೆ. 1926ರಲ್ಲಿ ಇವರ ಬಲ್ಬುಗಳು ಸರಾಸರಿ 1800 ಗಂಟೆ ಉರಿಯುತ್ತಿದ್ದವು. 1934ರ ಹೊತ್ತಿಗೆ ಅದು 1205 ಗಂಟೆಗೆ ಇಳಿಯಿತು. ಬಲ್ಲವರು, ಓದಿದವರು ಕೂತು ಇಷ್ಟು ವರ್ಷ ದುಡಿದದ್ದು ಬಲ್ಬು ಬೇಗ ಹೋಗಲಿ ಅಂತ.

ಕಂಪನಿಯವರ ಮಾತನ್ನೂ ಕೇಳಬೇಕು. ತಂತಿ ಹೆಚ್ಚು ಕಾದರೆ ಅದೇ ಕರೆಂಟಿಗೆ ಬೆಳಕು ಹೆಚ್ಚು, ಆದರೆ ಆಯಸ್ಸು ಕಡಿಮೆ ಅಂತ ಅವರು ಹೇಳಿದರು. ಇದು ಸುಳ್ಳಲ್ಲ. 1951ರಲ್ಲಿ ಬ್ರಿಟನ್ನಿನ ಸರ್ಕಾರಿ ಆಯೋಗವೂ ಈ ಮಾತನ್ನು ಒಪ್ಪಿತು. ಆದರೆ ಬೆಳಕು ಹೆಚ್ಚು ಬೇಕೋ, ಬಾಳಿಕೆ ಹೆಚ್ಚು ಬೇಕೋ? ಅದನ್ನು ಆರಿಸಬೇಕಾದವರು ಕೊಳ್ಳುವವರು. ಬಾಗಿಲು ಹಾಕಿಕೊಂಡು ಕೂತವರಲ್ಲ. ನಮ್ಮ ತಕರಾರು ಇರೋದು ಅಲ್ಲಿ.

ಸ್ವೀಡನ್ ದೇಶದ ಜನ ಸುಮ್ಮನೆ ಕೂರಲಿಲ್ಲ. ಅಲ್ಲಿ ಕೊಳ್ಳುವವರದೇ ಸಹಕಾರ ಸಂಘಗಳಿದ್ದವು. ಬಲ್ಬಿನ ಬೆಲೆ ಬಹಳ ಜಾಸ್ತಿ ಅನ್ನಿಸಿತು. ಸಂಘಗಳೆಲ್ಲ ಸೇರಿ ಸ್ಟಾಕ್‌ಹೋಮ್ ಪಟ್ಟಣದಲ್ಲಿ ತಮ್ಮದೇ ಕಾರ್ಖಾನೆ ಕಟ್ಟಿದವು. ‘ಲೂಮಾ’ ಅಂತ ಅದರ ಹೆಸರು. 1931ರಲ್ಲಿ ಅಲ್ಲಿ ಬಲ್ಬು ತಯಾರಾಗತೊಡಗಿತು. ಅಷ್ಟೇ, ಆ ದೇಶದಲ್ಲಿ ದೊಡ್ಡ ಕಂಪನಿಗಳೂ ಬೆಲೆ ಇಳಿಸಬೇಕಾಯಿತು. 1939ರಲ್ಲಿ ಮಹಾಯುದ್ಧ ಶುರುವಾಯಿತು. ಫೀಬಸ್ ಕೂಟ ಮುರಿದುಬಿತ್ತು. 1000 ಗಂಟೆಯ ಅಳತೆ ಮಾತ್ರ ಬಹುಕಾಲ ಉಳಿಯಿತು.

ಈಗ ನಮ್ಮ ಮನೆಗಳಲ್ಲಿ ಎಲ್‌ಇಡಿ ಬಲ್ಬು ಇದೆ. 2014ರ ಮೊದಲಲ್ಲಿ ಸರ್ಕಾರ ಒಂದು ಬಲ್ಬಿಗೆ 310 ರೂಪಾಯಿ ಕೊಟ್ಟು ಕೊಂಡಿತ್ತು. ಕೋಟಿಗಟ್ಟಲೆ ಬಲ್ಬು ಬೇಕು, ಯಾರು ಕಡಿಮೆಗೆ ಕೊಡ್ತೀರಿ ಅಂತ ಟೆಂಡರ್ ಕರೆದಾಗ 2016ರಲ್ಲಿ ಅದೇ ಬಲ್ಬು 38 ರೂಪಾಯಿಗೆ ಇಳಿಯಿತು. ನಿಜವಾದ ಪೈಪೋಟಿ ಇದ್ದರೆ ಹೀಗೂ ಆಗುತ್ತದೆ, ನೋಡಿ.

ಆದರೂ ಒಂದು ಗುಟ್ಟು ಇದೆ. ಎಷ್ಟೋ ಡಬ್ಬಿಗಳ ಮೇಲೆ 25,000 ಗಂಟೆ ಅಂತ ಬರೆದಿರುತ್ತದೆ. ದಿನಕ್ಕೆ 5 ಗಂಟೆಯಂತೆ 13 ವರ್ಷಕ್ಕೂ ಹೆಚ್ಚಾಯಿತು. ಹಲವು ಬಲ್ಬು ಒಂದೆರಡು ವರ್ಷಕ್ಕೇ ಹೋಗುತ್ತವೆ. ಬೆಳಕು ಕೊಡುವ ಚುಕ್ಕಿಗಳು ಎಷ್ಟೋ ಸಲ ಚೆನ್ನಾಗೇ ಇರುತ್ತವೆ. ಅವಕ್ಕೆ ಕರೆಂಟು ಹದಮಾಡಿ ಕೊಡುವ ಬಿಡಿಭಾಗ ಕಾವಿಗೆ ಕೆಡುತ್ತದೆ. ಅಗ್ಗದ ಭಾಗ ಹಾಕಿದರೆ ಇನ್ನೂ ಬೇಗ. ಬಿಚ್ಚಿ ರಿಪೇರಿ ಮಾಡೋಣ ಅಂದರೆ ಎಷ್ಟೋ ಬಲ್ಬಿಗೆ ಅಂಟು ಹಾಕಿ ಮುಚ್ಚಿರುತ್ತಾರೆ. ಹಾಗಾಗಿ ಪ್ಲಾಸ್ಟಿಕ್, ಅಲ್ಯೂಮಿನಿಯಂ, ತಾಮ್ರ ಎಲ್ಲಾ ಒಟ್ಟಿಗೆ ಕಸಕ್ಕೆ ಹೋಗುತ್ತದೆ. ಇಂಥ ಕಸವನ್ನು ಸುಡಬಾರದು. ಹಳೆಯ ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುತ್ತದೆ. ಅವನ್ನು ಮಕ್ಕಳ ಕೈಗೆ ಕೊಡಬೇಡಿ, ಒಡೆಯಬೇಡಿ.

ಈಗ ನಮಗೆ ಓದು ಬಂದಿದೆ. ಬಲ್ಬು ಕೊಳ್ಳುವಾಗ ಡಬ್ಬಿ ತಿರುಗಿಸಿ ನೋಡೋಣ. ಗ್ಯಾರಂಟಿ ಎಷ್ಟು ವರ್ಷ ಅಂತ ಬರೆದಿರುತ್ತದೆ. ರಸೀದಿ ಕೇಳಿ ಪಡೆಯೋಣ. ಬಲ್ಬಿನ ಬಿಳಿ ಬುಡದ ಮೇಲೆ ಕೊಂಡ ತಾರೀಖನ್ನು ಪೆನ್ನಿನಲ್ಲಿ ಬರೆಯೋಣ. ಅವಧಿಯೊಳಗೆ ಹೋದರೆ ಡಬ್ಬಿ, ರಸೀದಿ, ಬಲ್ಬು ಮೂರನ್ನೂ ಅಂಗಡಿಗೆ ಒಯ್ದು ಬದಲಿ ಕೇಳೋಣ. ಕೊಡದಿದ್ದರೆ 1915ಕ್ಕೆ ಫೋನ್ ಮಾಡಬಹುದು. ಅದು ಗ್ರಾಹಕರ ದೂರಿಗಾಗಿ ಇರುವ ಸರ್ಕಾರದ ಸಹಾಯವಾಣಿ.