ಪೀಠದಿಂದ ಇಳಿದು ಸದಸ್ಯರ ಸಾಲಿಗೆ

ಕೆ.ಎಸ್. ನಾಗರತ್ನಮ್ಮ ಗುಂಡ್ಲುಪೇಟೆಯಿಂದ ವಿಧಾನಸಭೆಗೆ ಮೊದಲ ಸಲ ಆರಿಸಿ ಬಂದದ್ದು 1957ರಲ್ಲಿ, ಪಕ್ಷೇತರ ಅಭ್ಯರ್ಥಿಯಾಗಿ. ಬಂಡೀಪುರ ಕಾಡಿನ ಅಂಚಿನ ಆ ತಾಲ್ಲೂಕು ಆಗ ಮೈಸೂರು ಜಿಲ್ಲೆಗೆ ಸೇರಿತ್ತು. ಪಕ್ಷದ ಬೆಂಬಲವಿಲ್ಲದೆ ಹೆಣ್ಣುಮಗಳೊಬ್ಬಳು ಹಳ್ಳಿಗಾಡಿನ ಕ್ಷೇತ್ರವೊಂದರಲ್ಲಿ ಗೆಲ್ಲುವುದು ಇಂದಿಗೂ ಸುಲಭವಲ್ಲ. ಗುಂಡ್ಲುಪೇಟೆಯ ಜನ ಅವರನ್ನು ಒಟ್ಟು ಏಳು ಸಲ ಗೆಲ್ಲಿಸಿದರು.

1972ರಲ್ಲಿ ಅವರು ವಿಧಾನಸಭೆಯ ಸಭಾಧ್ಯಕ್ಷರಾದರು. ಮುಖ್ಯಮಂತ್ರಿ ಸ್ಥಾನದಲ್ಲಿ ಡಿ. ದೇವರಾಜ ಅರಸು, ವಿರೋಧ ಪಕ್ಷದ ನಾಯಕರ ಸ್ಥಾನದಲ್ಲಿ ಎಚ್.ಡಿ. ದೇವೇಗೌಡ. ಇಬ್ಬರೂ ಎದ್ದು ನಿಂತು ‘ಮಾನ್ಯ ಸಭಾಧ್ಯಕ್ಷರೆ’ ಎಂದು ಅವರನ್ನು ಉದ್ದೇಶಿಸಿಯೇ ಮಾತು ಆರಂಭಿಸಬೇಕಿತ್ತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹಾಗಾಗಿ ಮೈಸೂರು ವಿಧಾನಸಭೆಯ ಕೊನೆಯ ಸಭಾಧ್ಯಕ್ಷರೂ ಕರ್ನಾಟಕ ವಿಧಾನಸಭೆಯ ಮೊದಲ ಸಭಾಧ್ಯಕ್ಷರೂ ನಾಗರತ್ನಮ್ಮನವರೇ. ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟ ಭೂಸುಧಾರಣಾ ತಿದ್ದುಪಡಿ ಕಾನೂನು 1974ರಲ್ಲಿ ಜಾರಿಗೆ ಬಂತು. ಅದರ ಮೇಲೆ ಸದನದಲ್ಲಿ ನಡೆದ ಬಿಸಿಬಿಸಿ ಚರ್ಚೆಯ ಕಾಲದಲ್ಲೂ ಪೀಠದ ಹೊಣೆ ಅವರದೇ. ಮುಂದೆ ತುರ್ತುಪರಿಸ್ಥಿತಿ ಬಂದು ದೇವೇಗೌಡರೂ ಸೇರಿದಂತೆ ವಿರೋಧ ಪಕ್ಷದ ಹಲವರು ಜೈಲು ಸೇರಿದರು. ಎದುರು ಸಾಲು ಬರಿದಾದ ಸದನವನ್ನು ನಡೆಸುವುದು ಯಾವ ಸಭಾಧ್ಯಕ್ಷರಿಗೂ ಹಿತವಾದ ಕೆಲಸವಲ್ಲ.

ಸಭಾಧ್ಯಕ್ಷರ ಅಧಿಕಾರ ವಿಚಿತ್ರವಾದದ್ದು. ಎಲ್ಲರಿಗೂ ಮಾತಿನ ಅವಕಾಶ ಹಂಚುವವರು ತಮ್ಮ ಅಭಿಪ್ರಾಯವನ್ನು ಮಾತ್ರ ಹೇಳುವಂತಿಲ್ಲ. ಸಂವಿಧಾನದ 189ನೇ ವಿಧಿಯ ಪ್ರಕಾರ, ಎರಡೂ ಕಡೆಯ ಮತ ಸಮವಾದಾಗಲಷ್ಟೇ ಅವರು ಮತ ಹಾಕಬಹುದು. ಅಮೆರಿಕದಲ್ಲಿ ಈ ಪದ್ಧತಿಯಿಲ್ಲ. ಅಲ್ಲಿನ ಪ್ರತಿನಿಧಿ ಸಭೆಯ ಸ್ಪೀಕರ್ ತಮ್ಮ ಪಕ್ಷದ ಮುಂದಾಳೂ ಹೌದು. ಆ ಸ್ಥಾನಕ್ಕೆ ಮೊದಲ ಮಹಿಳೆಯಾಗಿ ನ್ಯಾನ್ಸಿ ಪೆಲೋಸಿ ಬಂದದ್ದು 2007ರಲ್ಲಿ. ನಮ್ಮ ಲೋಕಸಭೆಯಲ್ಲಿ ಮೀರಾ ಕುಮಾರ್ ಸ್ಪೀಕರ್ ಆದದ್ದು 2009ರಲ್ಲಿ. ಗುಂಡ್ಲುಪೇಟೆಯ ಶಾಸಕಿ ಅಷ್ಟು ಹೊತ್ತಿಗಾಗಲೇ ದಾರಿ ತೋರಿ ಮೂರೂವರೆ ದಶಕ ಕಳೆದಿತ್ತು.

ನಾಗರತ್ನಮ್ಮನವರ ಬದುಕಿನಲ್ಲಿ ಬಹಳ ಗೌರವದಿಂದ ನೆನೆಯಬೇಕಾದದ್ದು ಇದರ ನಂತರದ ಭಾಗ. 1978ರ ಚುನಾವಣೆಯಲ್ಲಿ ಅವರು ಸೋತರು. ಅಂಥ ಪೀಠದಲ್ಲಿ ಆರು ವರ್ಷ ಕೂತವರು ಸೋತ ಮೇಲೆ ಮನೆ ಸೇರಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಮತ್ತೆ ಜನರ ಬಳಿಗೇ ಹೋದರು. 1983ರಲ್ಲಿ ಗೆದ್ದು ವಿಧಾನಸೌಧಕ್ಕೆ ಬಂದಾಗ ಅವರ ಕಾಂಗ್ರೆಸ್ ಪಕ್ಷ ಅಧಿಕಾರ ಕಳೆದುಕೊಂಡಿತ್ತು. ಒಮ್ಮೆ ಎಲ್ಲರಿಗೂ ಮಾತಾಡಲು ಅಪ್ಪಣೆ ಕೊಡುತ್ತಿದ್ದವರು ಈಗ ವಿರೋಧ ಪಕ್ಷದ ಸಾಲಿನಲ್ಲಿ ಎದ್ದು ನಿಂತು, ತಾವು ಕೂತಿದ್ದ ಅದೇ ಪೀಠದ ಅಪ್ಪಣೆ ಕೇಳಬೇಕಿತ್ತು. ಇದು ಅವರಿಗೆ ಕೀಳೆನಿಸಿದಂತಿಲ್ಲ. 1985ರಲ್ಲಿ, 1989ರಲ್ಲಿ ಮತ್ತೆ ಗೆದ್ದರು. ವಿರೋಧ ಪಕ್ಷದ ನಾಯಕಿಯಾದರು. ಮುಂದೆ ಮಂತ್ರಿಯೂ ಆದರು. 1993ರಲ್ಲಿ ತೀರಿಕೊಂಡರು.

ಕರ್ನಾಟಕ ವಿಧಾನಸಭೆಯ ಆ ಪೀಠದಲ್ಲಿ ಅವರ ನಂತರ ಇನ್ನೊಬ್ಬ ಮಹಿಳೆ ಕೂತಿಲ್ಲ. ಆ ಪೀಠ ಏರಲು ಮೊದಲು ವಿಧಾನಸಭೆಗೆ ಗೆದ್ದು ಬರಬೇಕು; ಅದು ಮಹಿಳೆಯರಿಗೆ ಎಷ್ಟು ಕಷ್ಟವೆಂದು ತಿಳಿಯಲು ಬೆಂಗಳೂರಿನ ಪಶ್ಚಿಮ ಭಾಗವನ್ನೇ ನೋಡಬಹುದು. ಪಾಲಿಕೆಯಲ್ಲಿ ಮೀಸಲಾತಿ ಬಂದ ಮೇಲೆ ಇಲ್ಲಿನ ಬಡಾವಣೆಗಳಿಂದ ಅನೇಕ ಮಹಿಳೆಯರು ಆರಿಸಿ ಬಂದರು. ಪ್ರಕಾಶನಗರ ವಾರ್ಡಿನ ಜಿ. ಪದ್ಮಾವತಿ 2016ರಲ್ಲಿ ಮೇಯರ್ ಆದರು. ಕೆಂಗೇರಿ ಸೇರಿದ ಯಶವಂತಪುರ ಕ್ಷೇತ್ರದಿಂದ 2008ರಲ್ಲಿ ಶೋಭಾ ಕರಂದ್ಲಾಜೆ ವಿಧಾನಸಭೆಗೆ ಹೋದರು. ಆದರೆ 2008ರಿಂದ 2023ರವರೆಗಿನ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿ ರಾಜಾಜಿನಗರ, ಗೋವಿಂದರಾಜನಗರ, ವಿಜಯನಗರ ಈ ಮೂರು ಕ್ಷೇತ್ರಗಳಿಂದ ಒಬ್ಬ ಮಹಿಳೆಯೂ ಗೆದ್ದು ಬಂದಿಲ್ಲ.